ಪ್ರಶ್ನೆ ಸ್ಲೈಡಿನಲ್ಲಿ, ಲೆಕ್ಕ ಎಕ್ಸೆಲ್‌ನಲ್ಲಿ: ಎರಡನ್ನೂ ಜೋಡಿಸುವುದು ಹೇಗೆ?

ಸ್ವಸಹಾಯ ಸಂಘದ ಹೆಣ್ಣುಮಕ್ಕಳಿಗೆ ಸಾಲದ ಲೆಕ್ಕ ಹೇಳಿಕೊಡುವ ತರಬೇತಿಗಳಿಗೆ ನಾನು ಹೋಗುತ್ತಿರುತ್ತೇನೆ. ಒಂದು ಲ್ಯಾಪ್‌ಟಾಪ್, ಒಂದು ಪ್ರೊಜೆಕ್ಟರ್, ಇಪ್ಪತ್ತು ಪವರ್‌ಪಾಯಿಂಟ್ ಸ್ಲೈಡು. ಅದರಲ್ಲಿ ಒಂದು ಸ್ಲೈಡು ಹೀಗಿತ್ತು: 50,000 ರೂಪಾಯಿ ಸಾಲ, ವರ್ಷಕ್ಕೆ ಶೇಕಡಾ 12 ಬಡ್ಡಿ, 24 ತಿಂಗಳು, ತಿಂಗಳ ಕಂತು 2,354 ರೂಪಾಯಿ. ಮುಂದೆ ಕೂತಿದ್ದ ಒಬ್ಬ ಅಕ್ಕ ಕೈ ಎತ್ತಿ ಕೇಳಿದರು, “ಹದಿನೆಂಟು ತಿಂಗ್ಳಿಗೇ ತೀರಿಸಿಬಿಟ್ರೆ ಎಷ್ಟು ಬೀಳುತ್ತೆ ಮೇಡಂ?”

ಸ್ಲೈಡಿನಲ್ಲಿ ಉತ್ತರ ಇರಲಿಲ್ಲ. ಅದರಲ್ಲಿ ಇದ್ದದ್ದು ಒಂದೇ ಸಾಲ, ಒಂದೇ ಅವಧಿ. ಸ್ಲೈಡ್ ಶೋ ನಿಲ್ಲಿಸಿ, ಎಕ್ಸೆಲ್ ತೆರೆದು, ಶೀಟ್ ಹುಡುಕಿ, 18 ಅಂತ ಹಾಕಿ ಹೇಳುವಷ್ಟರಲ್ಲಿ ಸಭೆಯ ಗಮನ ಬೇರೆ ಕಡೆ ಹೋಗಿತ್ತು. ಒಳ್ಳೆಯ ಪ್ರಶ್ನೆಯೊಂದು ಹಾಗೇ ತಣ್ಣಗಾಯಿತು. ಅವತ್ತೇ ನಿರ್ಧಾರ ಮಾಡಿದೆ. ಸ್ಲೈಡಿನ ಮೇಲೇ ಗುಂಡಿಗಳಿರಬೇಕು, ಒತ್ತಿದರೆ ಎಕ್ಸೆಲ್ ಲೆಕ್ಕ ಹಾಕಬೇಕು, ಉತ್ತರ ಅದೇ ಸ್ಲೈಡಿನಲ್ಲಿ ಕಾಣಬೇಕು.

ಇದು ಸುಲಭದ ಕೆಲಸ ಅಂದುಕೊಂಡಿದ್ದೆ. ಎರಡೂ ಒಂದೇ ಕಂಪನಿಯ ಸಾಫ್ಟ್‌ವೇರ್ ತಾನೇ? ಆದರೆ ಎರಡೂ ಹುಟ್ಟಿದ್ದು ಒಂದೇ ಮನೆಯಲ್ಲಲ್ಲ. ಎಕ್ಸೆಲ್ ಅನ್ನು ಮೈಕ್ರೋಸಾಫ್ಟ್ 1985ರಲ್ಲಿ ಮ್ಯಾಕಿಂಟಾಷ್ ಕಂಪ್ಯೂಟರಿಗಾಗಿ ತಂದಿತು. ಪವರ್‌ಪಾಯಿಂಟ್ ಮಾಡಿದ್ದು ಫೋರ್‌ಥಾಟ್ ಅನ್ನುವ ಬೇರೆ ಕಂಪನಿ. ಅದು 1987ರಲ್ಲಿ ಬಂತು, ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನೇ 1 ಕೋಟಿ 40 ಲಕ್ಷ ಡಾಲರಿಗೆ ಕೊಂಡುಕೊಂಡಿತು. ಎಕ್ಸೆಲ್‌ಗೆ ಗೊತ್ತಿರುವುದು ಸೆಲ್ಲು, ಸಾಲು, ಸೂತ್ರ. ಪವರ್‌ಪಾಯಿಂಟಿಗೆ ಗೊತ್ತಿರುವುದು ಆಕಾರ, ಬಣ್ಣ, ಜಾಗ. ಸ್ಲೈಡಿನ ಮೇಲೆ ನೀವು 2,354 ಅಂತ ಬರೆದರೆ ಅದು ಪವರ್‌ಪಾಯಿಂಟಿಗೆ ಐದು ಅಕ್ಷರ ಅಷ್ಟೇ, ಸಂಖ್ಯೆ ಅಲ್ಲ. ಈ ಒಂದು ಮಾತು ಮನಸ್ಸಿಗೆ ಬಂದರೆ ಮುಂದಿನದೆಲ್ಲ ಸಲೀಸಾಗಿ ಅರ್ಥವಾಗುತ್ತದೆ.

ಲಿಂಕ್ ಅಂದರೆ ನಿಜವಾಗಿ ಏನು?

ಎರಡನ್ನೂ ಜೋಡಿಸುವ ಹಳೆಯ ದಾರಿ ಲಿಂಕ್. 1990ರಲ್ಲಿ ಮೈಕ್ರೋಸಾಫ್ಟ್ ತಂದ ಓಎಲ್‌ಇ ಅನ್ನುವ ವ್ಯವಸ್ಥೆಯ ಮೇಲೆ ಇದು ಇವತ್ತಿಗೂ ನಿಂತಿದೆ. ಮಾಡುವುದು ಸುಲಭ. ಎಕ್ಸೆಲ್‌ನಲ್ಲಿ ಬೇಕಾದ ಸೆಲ್ಲುಗಳನ್ನು ಕಾಪಿ ಮಾಡಿ. ಪವರ್‌ಪಾಯಿಂಟಿಗೆ ಬಂದು ಪೇಸ್ಟ್ ಕೆಳಗಿನ ಬಾಣ ಒತ್ತಿ, ಪೇಸ್ಟ್ ಸ್ಪೆಷಲ್ ಆರಿಸಿ, ಪೇಸ್ಟ್ ಲಿಂಕ್ ಅನ್ನುವುದಕ್ಕೆ ಗುರುತು ಹಾಕಿ, ಎಕ್ಸೆಲ್ ವರ್ಕ್‌ಶೀಟ್ ಆಬ್ಜೆಕ್ಟ್ ಆಯ್ದು ಓಕೆ ಕೊಡಿ.

ಇಲ್ಲಿ ಒಂದು ಗೊಂದಲ ಎಲ್ಲರಿಗೂ ಆಗುತ್ತದೆ. ಸುಮ್ನೆ ಕಂಟ್ರೋಲ್ ವಿ ಒತ್ತಿದರೆ ಟೇಬಲ್ ಬರುತ್ತದೆ, ಆದರೆ ಲಿಂಕ್ ಇರುವುದಿಲ್ಲ. ಅದೇ ಒಂದು ಚಾರ್ಟನ್ನು ಕಂಟ್ರೋಲ್ ವಿ ಒತ್ತಿ ತಂದರೆ ಮಾಮೂಲಾಗಿ ಲಿಂಕ್ ಸಮೇತ ಬರುತ್ತದೆ. ಚಾರ್ಟ್ ತಾನಾಗಿ ಬದಲಾಗುತ್ತಿದೆ, ಪಕ್ಕದ ಟೇಬಲ್ ಮಾತ್ರ ಹಳೆಯದೇ ನಿಂತಿದೆ ಅಂತ ತಲೆ ಕೆಡಿಸಿಕೊಳ್ಳುವವರಿಗೆ ಕಾರಣ ಇದೇ.

ಲಿಂಕ್ ಮಾಡಿದಾಗ ಸ್ಲೈಡಿನೊಳಗೆ ಉಳಿಯುವುದು ಎರಡು ಸಂಗತಿ. ಒಂದು, ಆ ಸೆಲ್ಲುಗಳ ಚಿತ್ರ. ಇನ್ನೊಂದು, ವಿಳಾಸ: ಯಾವ ಡ್ರೈವ್, ಯಾವ ಫೋಲ್ಡರ್, ಯಾವ ಫೈಲ್, ಯಾವ ಶೀಟ್, ಎಷ್ಟನೇ ಸಾಲಿನಿಂದ ಎಷ್ಟನೇ ಸಾಲಿನವರೆಗೆ. ಫೈಲ್ ತೆರೆದಾಗ ಪವರ್‌ಪಾಯಿಂಟ್ “ಲಿಂಕ್ ಅಪ್‌ಡೇಟ್ ಮಾಡಲೇ?” ಅಂತ ಕೇಳುತ್ತದೆ. ಹೂಂ ಅಂದರೆ ಆ ವಿಳಾಸಕ್ಕೆ ಹೋಗಿ ಹೊಸ ಚಿತ್ರ ತೆಗೆದುಕೊಂಡು ಬರುತ್ತದೆ.

ವಿಳಾಸ ತಪ್ಪಿದರೆ? ಇಲ್ಲೇ ಅಪಾಯ ಇರುವುದು. ಲಿಂಕ್ ಮುರಿದರೆ ಸ್ಲೈಡು ಖಾಲಿಯಾಗುವುದಿಲ್ಲ. ಹಳೆಯ ಚಿತ್ರ ಅಲ್ಲೇ ಇರುತ್ತದೆ, ನೋಡಲು ಚೆನ್ನಾಗಿಯೇ ಕಾಣುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಪೆನ್‌ಡ್ರೈವ್ ಇ ಡ್ರೈವ್ ಆಗಿತ್ತು. ತರಬೇತಿ ಇದ್ದ ಕಡೆಯ ಕಂಪ್ಯೂಟರಿನಲ್ಲಿ ಅದು ಜಿ ಡ್ರೈವ್ ಆಯಿತು. ಲಿಂಕ್ ಇ ಡ್ರೈವ್‌ನಲ್ಲೇ ಹುಡುಕಿತು, ಸಿಗಲಿಲ್ಲ. ಕಳೆದ ತಿಂಗಳ ಅಂಕಿಗಳನ್ನು ಇಟ್ಟುಕೊಂಡು ಅರ್ಧ ಗಂಟೆ ಪಾಠ ಮಾಡಿದೆ. ಯಾರಿಗೂ ಗೊತ್ತಾಗಲಿಲ್ಲ, ನನಗೂ ಆಮೇಲೆಯೇ ತಿಳಿದದ್ದು. ಅದಕ್ಕೇ ಹೊಸ ಜಾಗಕ್ಕೆ ಹೋದ ತಕ್ಷಣ ಫೈಲ್ ಮೆನುವಿನ ಇನ್ಫೋ ಪುಟಕ್ಕೆ ಹೋಗಿ, ಎಡಿಟ್ ಲಿಂಕ್ಸ್ ಟು ಫೈಲ್ಸ್ ಒತ್ತಿ ನೋಡಿ. ಪ್ರತಿ ಲಿಂಕಿನ ವಿಳಾಸ ಅಲ್ಲಿ ಕಾಣುತ್ತದೆ. ಚೇಂಜ್ ಸೋರ್ಸ್ ಒತ್ತಿ ಸರಿಯಾದ ಫೈಲ್ ತೋರಿಸಿದರೆ, ಅಪ್‌ಡೇಟ್ ನೌ ಒತ್ತಿದರೆ, ಮುಗಿಯಿತು.

ಇನ್ನೊಂದು ಸೂಕ್ಷ್ಮ ಇದೆ. ಲಿಂಕ್ ನೆನಪಿಟ್ಟುಕೊಳ್ಳುವುದು ಸಾಲಿನ ಸಂಖ್ಯೆಯನ್ನು, ಸಾಲಿನಲ್ಲಿರುವ ವಿಷಯವನ್ನಲ್ಲ. ಪವರ್‌ಪಾಯಿಂಟ್ ಮುಚ್ಚಿರುವಾಗ ನೀವು ಎಕ್ಸೆಲ್‌ನಲ್ಲಿ ಮೇಲೆ ಎರಡು ಸಾಲು ಸೇರಿಸಿದರೆ, ಸ್ಲೈಡಿನಲ್ಲಿ ಕೊನೆಯ ಎರಡು ಸಾಲು ಕಾಣೆಯಾಗುತ್ತವೆ. ಹಾಗಾಗಿ ಸ್ಲೈಡಿಗೆ ಹೋಗುವ ಅಂಕಿಗಳಿಗೆ ಎಕ್ಸೆಲ್‌ನಲ್ಲಿ ಬೇರೆಯೇ ಒಂದು ಶೀಟ್ ಇಡಿ. ಲೆಕ್ಕ, ತಿದ್ದುಪಡಿ ಎಲ್ಲ ಬೇರೆ ಶೀಟಿನಲ್ಲಿ ನಡೆಯಲಿ. ತೋರಿಸುವ ಶೀಟ್ ಮುಟ್ಟದೆ ಹಾಗೇ ಇರಲಿ.

ಲಿಂಕ್ ಸಾಲದು, ಯಾಕೆ?

ಲಿಂಕ್ ಒಂದೇ ದಿಕ್ಕಿನ ದಾರಿ. ಎಕ್ಸೆಲ್‌ನಿಂದ ಸ್ಲೈಡಿಗೆ ಚಿತ್ರ ಬರುತ್ತದೆ, ಸ್ಲೈಡಿನಿಂದ ಎಕ್ಸೆಲ್‌ಗೆ ಏನೂ ಹೋಗುವುದಿಲ್ಲ. ಆದರೆ ನನಗೆ ಬೇಕಿದ್ದದ್ದು ಫಾರಂ, ಅಂದರೆ ಸ್ಲೈಡಿನಲ್ಲೇ ಸಂಖ್ಯೆ ಕೊಟ್ಟು ಉತ್ತರ ಪಡೆಯುವುದು. ಅದಕ್ಕೆ ಎರಡೂ ಕಡೆ ಓಡಾಟ ಬೇಕು. ಆ ಅಕ್ಕ ಕೇಳಿದ 18 ಅನ್ನುವ ಸಂಖ್ಯೆ ಮೊದಲು ಎಕ್ಸೆಲ್‌ಗೆ ಹೋಗಬೇಕು, ಆಮೇಲೆ ಕಂತು ವಾಪಸ್ ಬರಬೇಕು.

ಎಕ್ಸೆಲ್‌ನಲ್ಲೇ ಫಾರಂ ಮಾಡಿದ ಅಭ್ಯಾಸ ಇರುವವರು ಇಲ್ಲಿ ಎಡವುತ್ತಾರೆ. ಎಕ್ಸೆಲ್‌ನಲ್ಲಿ ಒಂದು ಕಾಂಬೊ ಬಾಕ್ಸ್ (ಪಟ್ಟಿಯಿಂದ ಒಂದನ್ನು ಆರಿಸುವ ಪೆಟ್ಟಿಗೆ) ಇಟ್ಟರೆ ಅದರ ಪ್ರಾಪರ್ಟಿಗಳಲ್ಲಿ ಲಿಂಕ್ಡ್‌ಸೆಲ್ ಅಂತ ಒಂದು, ಲಿಸ್ಟ್‌ಫಿಲ್‌ರೇಂಜ್ ಅಂತ ಒಂದು ಇರುತ್ತವೆ. ಸೆಲ್ಲಿನ ಹೆಸರು ಕೊಟ್ಟರೆ ಸಾಕು, ಆರಿಸಿದ ಉತ್ತರ ಹೋಗಿ ಆ ಸೆಲ್ಲಿನಲ್ಲಿ ಕೂರುತ್ತದೆ. ಅದೇ ಕಾಂಬೊ ಬಾಕ್ಸನ್ನು ಪವರ್‌ಪಾಯಿಂಟಿನ ಸ್ಲೈಡಿನಲ್ಲಿ ಇಟ್ಟು ನೋಡಿ. ಆ ಎರಡೂ ಇರುವುದಿಲ್ಲ. ಇಲ್ಲಿ ಸೆಲ್ಲೇ ಇಲ್ಲವಲ್ಲ, ಯಾವುದಕ್ಕೆ ಲಿಂಕ್ ಮಾಡುವುದು? ಅಷ್ಟೇ ಅಲ್ಲ, ಪಟ್ಟಿಯಲ್ಲಿ ತುಂಬಿದ ಹೆಸರುಗಳು ಫೈಲ್ ಮುಚ್ಚಿದರೆ ಹೋಗಿಬಿಡುತ್ತವೆ, ಪ್ರತಿ ಸಲ ಹೊಸದಾಗಿ ತುಂಬಬೇಕು.

ಮ್ಯಾಕ್ರೋ, ಅಂದರೆ ಹೇಳಿದ ಕೆಲಸಗಳನ್ನು ತಾನಾಗಿ ಮಾಡುವ ಪುಟ್ಟ ಪ್ರೋಗ್ರಾಂ, ಬೇಡ ಅನ್ನುವವರಿಗೆ ಒಂದು ನಡುವಿನ ದಾರಿ ಇದೆ. ಎಕ್ಸೆಲ್ ಫೈಲನ್ನು ಲಿಂಕ್ ಮಾಡದೆ ಇನ್ಸರ್ಟ್ ಮೆನುವಿನ ಆಬ್ಜೆಕ್ಟ್ ಮೂಲಕ ಸ್ಲೈಡಿನೊಳಗೇ ಸೇರಿಸಿ. ಆಮೇಲೆ ಅದನ್ನು ಆಯ್ದು, ಇನ್ಸರ್ಟ್ ಮೆನುವಿನಲ್ಲಿ ಆ್ಯಕ್ಷನ್ ಒತ್ತಿ, ಆಬ್ಜೆಕ್ಟ್ ಆ್ಯಕ್ಷನ್ ಅನ್ನುವಲ್ಲಿ ಓಪನ್ ಆರಿಸಿ. ಸ್ಲೈಡ್ ಶೋ ನಡೆಯುತ್ತಿರುವಾಗ ಅದರ ಮೇಲೆ ಕ್ಲಿಕ್ ಮಾಡಿದರೆ ಎಕ್ಸೆಲ್ ಕಿಟಕಿ ತೆರೆಯುತ್ತದೆ, ಸಂಖ್ಯೆ ಬದಲಿಸಿ ಮುಚ್ಚಿದರೆ ಸ್ಲೈಡಿನಲ್ಲಿ ಹೊಸ ಉತ್ತರ. ಹತ್ತು ಜನರ ಮೀಟಿಂಗಿಗೆ ಇದು ಧಾರಾಳ ಸಾಕು. ಆದರೆ ಒಂದು ಎಚ್ಚರಿಕೆ ಬೇಕೇ ಬೇಕು. ಹೀಗೆ ಸೇರಿಸಿದರೆ ಕಾಣುವ ಭಾಗ ಮಾತ್ರ ಅಲ್ಲ, ಇಡೀ ವರ್ಕ್‌ಬುಕ್ ಒಳಗೆ ಹೋಗುತ್ತದೆ. ಪಕ್ಕದ ಶೀಟಿನಲ್ಲಿ ಸದಸ್ಯರ ಹೆಸರು, ಖಾತೆ ಸಂಖ್ಯೆ ಇದ್ದರೆ ಅದೂ ಹೋಗುತ್ತದೆ. ಆ ಸ್ಲೈಡನ್ನು ವಾಟ್ಸಾಪಿನಲ್ಲಿ ಹಂಚಿದರೆ ಸಿಕ್ಕವರೆಲ್ಲ ಡಬಲ್ ಕ್ಲಿಕ್ ಮಾಡಿ ಓದಬಹುದು. ಬೇರೆಯವರ ಸಾಲದ ವಿವರ ನಮ್ಮ ಕೈಯಿಂದ ಹೊರಗೆ ಹೋಗಬಾರದು. ಒಳಗೆ ಸೇರಿಸುವ ಮುನ್ನ ಬರೀ ಲೆಕ್ಕದ ಶೀಟ್ ಇರುವ ಬೇರೆ ಫೈಲ್ ಮಾಡಿಕೊಳ್ಳಿ.

ಮೊದಲು ಎಕ್ಸೆಲ್ ಸಿದ್ಧವಾಗಲಿ

ಈಗ ಮುಖ್ಯ ದಾರಿಗೆ ಬರೋಣ. ಇದು ಮ್ಯಾಕ್ರೋ ದಾರಿ, ವಿಂಡೋಸ್ ಕಂಪ್ಯೂಟರಿನ ಪವರ್‌ಪಾಯಿಂಟಿಗೆ. ಮ್ಯಾಕ್ರೋ ಬರೆಯುವ ವಿಬಿಎ ಭಾಷೆ ಎಕ್ಸೆಲ್‌ಗೆ 1993ರಲ್ಲಿ ಬಂತು, ಪವರ್‌ಪಾಯಿಂಟಿಗೆ 1997ರಲ್ಲಿ. ಒಂದೇ ಭಾಷೆ ಎರಡಕ್ಕೂ ಗೊತ್ತಿರುವುದರಿಂದ ಒಂದು ಇನ್ನೊಂದನ್ನು ಕರೆದು ಕೆಲಸ ಹೇಳಬಹುದು.

ನನ್ನ ಅನುಭವದಲ್ಲಿ ಅರ್ಧ ಕೆಲಸ ಎಕ್ಸೆಲ್‌ನಲ್ಲೇ ಮುಗಿಯಬೇಕು. ಲೆಕ್ಕವನ್ನು ಮ್ಯಾಕ್ರೋದಲ್ಲಿ ಬರೆಯಬೇಡಿ. ಮ್ಯಾಕ್ರೋ ಬರೀ ಪೋಸ್ಟ್‌ಮ್ಯಾನ್ ಆಗಿರಲಿ, ತೆಗೆದುಕೊಂಡು ಹೋಗಿ ಕೊಡುವುದು, ವಾಪಸ್ ತರುವುದು. ಲೆಕ್ಕ ಸೆಲ್ಲಿನಲ್ಲಿದ್ದರೆ ಸಂಘದ ಲೆಕ್ಕ ಬರೆಯುವವರೂ ತೆರೆದು ಪರೀಕ್ಷಿಸಬಹುದು, ಕೋಡ್ ಗೊತ್ತಿರಬೇಕಿಲ್ಲ.

ನನ್ನ ಶೀಟಿನಲ್ಲಿ ಬಿ1 ಸಾಲದ ಮೊತ್ತ, ಬಿ2 ಬಡ್ಡಿ ದರ, ಬಿ3 ತಿಂಗಳು. ಬಿ4ರಲ್ಲಿ ಕಂತಿನ ಸೂತ್ರ. ಇದಕ್ಕೆ ಎಕ್ಸೆಲ್‌ನಲ್ಲಿ ಪಿಎಂಟಿ ಅನ್ನುವ ಫಂಕ್ಷನ್ ಇದೆ. ಅದಕ್ಕೆ ಮೂರು ಸಂಗತಿ ಕೊಡಬೇಕು: ತಿಂಗಳ ಬಡ್ಡಿ ದರ, ಎಷ್ಟು ಕಂತು, ಸಾಲ ಎಷ್ಟು. ಅದು ಉತ್ತರವನ್ನು ಮೈನಸ್‌ನಲ್ಲಿ ಕೊಡುತ್ತದೆ, ಕೈಯಿಂದ ಹೊರಗೆ ಹೋಗುವ ಹಣ ಅಂತ. ಹಾಗಾಗಿ ಮುಂದೆ ಒಂದು ಮೈನಸ್ ಗುರುತು ಸೇರಿಸಿ. ಬಡ್ಡಿ ದರದ ಸೆಲ್ಲಿಗೆ ಶೇಕಡಾ ಫಾರ್ಮ್ಯಾಟ್ ಕೊಡಬೇಡಿ. ಮ್ಯಾಕ್ರೋ 12 ಅನ್ನುವ ಸಂಖ್ಯೆ ತಂದು ಅಂಥ ಸೆಲ್ಲಿನಲ್ಲಿ ಇಟ್ಟರೆ ಅದು ಶೇಕಡಾ 1200 ಆಗುತ್ತದೆ. ಸೆಲ್ಲಿನಲ್ಲಿ ಬರೀ 12 ಇರಲಿ, ಸೂತ್ರದಲ್ಲಿ ಅದನ್ನು 1200ರಿಂದ ಭಾಗಿಸಿ. ನೂರರಿಂದ ಭಾಗಿಸಿದರೆ ಶೇಕಡಾ, ಮತ್ತೆ ಹನ್ನೆರಡರಿಂದ ಭಾಗಿಸಿದರೆ ತಿಂಗಳ ದರ, ಎರಡೂ ಒಂದೇ ಏಟಿಗೆ ಆಯಿತು.

ಬಿ5ರಲ್ಲಿ ಫ್ಲಾಟ್ ಬಡ್ಡಿಯ ಕಂತು ಇಟ್ಟಿದ್ದೇನೆ. ತರಬೇತಿಯ ಜೀವಾಳವೇ ಅದು. ಅದೇ 50,000, ಅದೇ ಶೇಕಡಾ 12, ಅದೇ 24 ತಿಂಗಳು. ಉಳಿದ ಅಸಲಿಗೆ ಮಾತ್ರ ಬಡ್ಡಿ ಹಾಕಿದರೆ ಕಂತು 2,354, ಒಟ್ಟು ಬಡ್ಡಿ 6,488 ರೂಪಾಯಿ. ಫ್ಲಾಟ್ ಆದರೆ ಕೊನೆಯ ತಿಂಗಳವರೆಗೂ ಪೂರ್ತಿ 50,000ಕ್ಕೇ ಬಡ್ಡಿ: ಕಂತು 2,583, ಒಟ್ಟು ಬಡ್ಡಿ 12,000. “ಹನ್ನೆರಡು ಪರ್ಸೆಂಟ್” ಅಂತ ಇಬ್ಬರೂ ಹೇಳುತ್ತಾರೆ, ಬಡ್ಡಿ ಮಾತ್ರ ಹೆಚ್ಚುಕಡಿಮೆ ದುಪ್ಪಟ್ಟು. ಈ ಎರಡು ಅಂಕಿ ಪಕ್ಕಪಕ್ಕ ನಿಂತರೆ ಸಭೆ ಒಂದು ಕ್ಷಣ ಸುಮ್ಮನಾಗುತ್ತದೆ.

ಮುಂದಿನ ಹೆಜ್ಜೆ ಸೆಲ್ಲುಗಳಿಗೆ ಹೆಸರಿಡುವುದು. ಬಿ3 ಆಯ್ದು, ಸೂತ್ರದ ಪಟ್ಟಿಯ ಎಡಕ್ಕೆ ಇರುವ ಪುಟ್ಟ ಪೆಟ್ಟಿಗೆಯಲ್ಲಿ ಬಿ3 ಅಂತ ಇರುವ ಕಡೆ ‘ತಿಂಗಳು’ ಅಂತ ಬರೆದು ಎಂಟರ್ ಒತ್ತಿ. ಹೀಗೇ ಸಾಲ, ಬಡ್ಡಿ, ಕಂತು, ಫ್ಲಾಟ್. ಈ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ, ಕಾರಣ ಆಮೇಲೆ ಹೇಳುತ್ತೇನೆ. ಹೆಸರಿಟ್ಟರೆ ಲಾಭ ಏನು ಅಂದರೆ, ನಾಳೆ ಮೇಲೆ ಸಾಲು ಸೇರಿಸಿದರೂ ಹೆಸರು ಸೆಲ್ಲಿನ ಜೊತೆಗೇ ಕೆಳಗೆ ಹೋಗುತ್ತದೆ. ಲಿಂಕಿನಲ್ಲಿ ಕಾಡಿದ ಸಾಲು ತಪ್ಪುವ ಕಾಟ ಇಲ್ಲಿ ಇಲ್ಲ.

ಒಂದು ಗುಂಡಿ ಒತ್ತಿದಾಗ ಒಳಗೆ ಏನಾಗುತ್ತದೆ?

ಮೊದಲು ನಾನು ಸ್ಲೈಡಿನಲ್ಲಿ ಟೆಕ್ಸ್ಟ್ ಬಾಕ್ಸ್ ಇಟ್ಟು, ಟೈಪ್ ಮಾಡಿಸುವ ಫಾರಂ ಮಾಡಿದ್ದೆ. ಈಗ ಅದನ್ನು ಬಿಟ್ಟಿದ್ದೇನೆ. ಈಗ ಇರುವುದು ಸಾದಾ ಆಕಾರಗಳು: ಮೂಲೆ ದುಂಡಗಿನ ಚೌಕಗಳ ಮೂರು ಸಾಲು. ಒಂದರಲ್ಲಿ 25,000, 50,000, 1,00,000. ಇನ್ನೊಂದರಲ್ಲಿ 12, 18, 24, 36 ತಿಂಗಳು. ಮೂರನೆಯದರಲ್ಲಿ ಬಡ್ಡಿ ದರಗಳು. ಕೆಳಗೆ ಎರಡು ದೊಡ್ಡ ಪೆಟ್ಟಿಗೆ, ಉತ್ತರಕ್ಕೆ. ಫೋನಿನಲ್ಲಿ ಒತ್ತಿ ರೂಢಿ ಇರುವ ಯಾರಿಗೂ ಇದನ್ನು ಹೇಳಿಕೊಡಬೇಕಿಲ್ಲ.

ಆಕಾರಗಳಿಗೂ ಹೆಸರು ಬೇಕು, ಇವೂ ಇಂಗ್ಲಿಷ್ ಅಕ್ಷರದಲ್ಲೇ. ಆಲ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದರೆ ಬಲಗಡೆ ಸೆಲೆಕ್ಷನ್ ಪೇನ್ ತೆರೆಯುತ್ತದೆ. ಅಲ್ಲಿ ಪ್ರತಿ ಆಕಾರದ ಹೆಸರು ಇರುತ್ತದೆ, ಡಬಲ್ ಕ್ಲಿಕ್ ಮಾಡಿ ಬದಲಿಸಬಹುದು. ನಾನು ಕಂಡುಕೊಂಡ ಒಂದು ಸಣ್ಣ ಉಪಾಯ ಇದು: 18 ತಿಂಗಳ ಗುಂಡಿಯ ಹೆಸರು ‘ತಿಂಗಳು’, ಒಂದು ಅಂಡರ್‌ಸ್ಕೋರ್ (_ ಗುರುತು), ಆಮೇಲೆ ‘18’. ಐವತ್ತು ಸಾವಿರದ್ದು ‘ಸಾಲ’, ಅಂಡರ್‌ಸ್ಕೋರ್, ‘50000’. ಅಂಡರ್‌ಸ್ಕೋರಿನ ಎಡಕ್ಕಿರುವುದು ಎಕ್ಸೆಲ್ ಸೆಲ್ಲಿನ ಹೆಸರು, ಬಲಕ್ಕಿರುವುದು ಆ ಸೆಲ್ಲಿಗೆ ಹಾಕಬೇಕಾದ ಸಂಖ್ಯೆ. ಉತ್ತರದ ಪೆಟ್ಟಿಗೆಗಳಿಗೆ ‘ಶೋ’, ಅಂಡರ್‌ಸ್ಕೋರ್, ‘ಕಂತು’ ಅನ್ನುವಂಥ ಹೆಸರು.

ಈಗ ಆಲ್ಟ್ ಮತ್ತು ಎಫ್11 ಒತ್ತಿ ವಿಬಿಎ ಕಿಟಕಿ ತೆರೆದು, ಇನ್ಸರ್ಟ್ ಮೆನುವಿನಿಂದ ಒಂದು ಮಾಡ್ಯೂಲ್ (ಮ್ಯಾಕ್ರೋ ಬರೆಯುವ ಹಾಳೆ) ಸೇರಿಸಿ. ಅಲ್ಲಿ ಬರೆಯಬೇಕಾದ್ದು ಮೂರೇ ಕೆಲಸ: ಶುರು, ಒತ್ತು, ಮುಗಿಸು.

‘ಶುರು’ ಮ್ಯಾಕ್ರೋ ಕ್ರಿಯೇಟ್‌ಆಬ್ಜೆಕ್ಟ್ ಅನ್ನುವ ಆಜ್ಞೆಯಿಂದ ಎಕ್ಸೆಲ್ ಅನ್ನು ತೆರೆಮರೆಯಲ್ಲಿ ಎಬ್ಬಿಸುತ್ತದೆ, ಪರದೆಯ ಮೇಲೆ ಕಾಣುವುದಿಲ್ಲ. ಪ್ರೆಸೆಂಟೇಷನ್ ಇರುವ ಫೋಲ್ಡರಿನಲ್ಲೇ ಇರುವ ಎಕ್ಸೆಲ್ ಫೈಲನ್ನು ತೆರೆಯುತ್ತದೆ. ಫೋಲ್ಡರ್ ಯಾವುದು ಅಂತ ನಾವು ಬರೆಯುವುದಿಲ್ಲ. ಆ್ಯಕ್ಟಿವ್‌ಪ್ರೆಸೆಂಟೇಷನ್ ಪಾಥ್ ಅಂತ ಕೇಳಿದರೆ ಪವರ್‌ಪಾಯಿಂಟೇ ಹೇಳುತ್ತದೆ. ಇ ಡ್ರೈವ್, ಜಿ ಡ್ರೈವ್ ತಂಟೆ ಅಲ್ಲಿಗೆ ತೀರಿತು. ಫೈಲು ಒನ್‌ಡ್ರೈವ್ ಫೋಲ್ಡರಿನಲ್ಲಿದ್ದರೆ ಮಾತ್ರ ಡ್ರೈವಿನ ಬದಲು ವೆಬ್ ವಿಳಾಸ ಬರುತ್ತದೆ, ಕೆಲಸ ಕೆಡುತ್ತದೆ. ತರಬೇತಿಗೆ ಹೋಗುವಾಗ ಫೈಲುಗಳು ಸಾದಾ ಫೋಲ್ಡರಿನಲ್ಲಿರಲಿ. ತೆರೆದ ಎಕ್ಸೆಲ್ ಅನ್ನು ಮಾಡ್ಯೂಲಿನ ತಲೆಯಲ್ಲಿ ಘೋಷಿಸಿದ, ನೆನಪಿನ ಡಬ್ಬಿಯಂಥ ವೇರಿಯಬಲ್‌ನಲ್ಲಿ ಹಿಡಿದಿಡಬೇಕು. ಪ್ರತಿ ಕ್ಲಿಕ್ಕಿಗೂ ಹೊಸದಾಗಿ ಎಕ್ಸೆಲ್ ಎಬ್ಬಿಸಿದರೆ ಪ್ರತಿ ಉತ್ತರಕ್ಕೂ ಕೆಲವು ಸೆಕೆಂಡು ಕಾಯಬೇಕಾಗುತ್ತದೆ.

‘ಒತ್ತು’ ಮ್ಯಾಕ್ರೋದಲ್ಲಿ ಪವರ್‌ಪಾಯಿಂಟಿನ ಒಂದು ಒಳ್ಳೆಯ ಗುಣ ಉಪಯೋಗಕ್ಕೆ ಬರುತ್ತದೆ. ಮ್ಯಾಕ್ರೋಗೆ ಒಂದು ಆಕಾರವನ್ನು ಪಡೆಯುವ ಜಾಗ ಇಟ್ಟರೆ, ಯಾವ ಗುಂಡಿ ಒತ್ತಿದಿರೋ ಆ ಗುಂಡಿಯನ್ನೇ ಪವರ್‌ಪಾಯಿಂಟ್ ಅದರ ಕೈಗೆ ಕೊಡುತ್ತದೆ. ಮ್ಯಾಕ್ರೋ ಆ ಗುಂಡಿಯ ಹೆಸರು ಓದುತ್ತದೆ, ಅಂಡರ್‌ಸ್ಕೋರಿನಲ್ಲಿ ಸೀಳುತ್ತದೆ, ಎಡಭಾಗದ ಹೆಸರಿರುವ ಸೆಲ್ಲಿಗೆ ಬಲಭಾಗದ ಸಂಖ್ಯೆ ಹಾಕುತ್ತದೆ. ಎಕ್ಸೆಲ್ ತಕ್ಷಣ ಲೆಕ್ಕ ಹಾಕುತ್ತದೆ. ಆಮೇಲೆ ಮ್ಯಾಕ್ರೋ ಸ್ಲೈಡಿನ ಎಲ್ಲ ಆಕಾರಗಳ ಮೇಲೂ ಒಂದು ಸುತ್ತು ಹೋಗಿ, ‘ಶೋ’ ಅಂತ ಶುರುವಾಗುವವುಗಳಲ್ಲಿ ಅದೇ ಹೆಸರಿನ ಸೆಲ್ಲಿನ ಉತ್ತರ ತುಂಬುತ್ತದೆ. ಹತ್ತು ಗುಂಡಿಗೂ ಒಂದೇ ಮ್ಯಾಕ್ರೋ. ನಾಳೆ 30 ತಿಂಗಳ ಗುಂಡಿ ಬೇಕಾದರೆ ಒಂದು ಗುಂಡಿ ಕಾಪಿ ಮಾಡಿ ಹೆಸರು ಬದಲಿಸಿದರೆ ಆಯಿತು, ಕೋಡ್ ಮುಟ್ಟಬೇಕಿಲ್ಲ. ಗುಂಡಿಗೂ ಮ್ಯಾಕ್ರೋಗೂ ಗಂಟು ಹಾಕುವುದು ಇನ್ಸರ್ಟ್ ಮೆನುವಿನ ಆ್ಯಕ್ಷನ್, ಅದರಲ್ಲಿ ರನ್ ಮ್ಯಾಕ್ರೋ.

ಎಕ್ಸೆಲ್‌ನಿಂದ ಉತ್ತರ ತರುವಾಗ ಎರಡು ದಾರಿ ಇವೆ, ವ್ಯಾಲ್ಯೂ ಮತ್ತು ಟೆಕ್ಸ್ಟ್. ವ್ಯಾಲ್ಯೂ ಅಂದರೆ ಒಳಗಿರುವ ಅಸಲಿ ಸಂಖ್ಯೆ, 2353.67 ಆದಮೇಲೂ ಉದ್ದ ಬಾಲ ಇರುತ್ತದೆ. ಟೆಕ್ಸ್ಟ್ ಅಂದರೆ ಸೆಲ್ಲಿನಲ್ಲಿ ಕಣ್ಣಿಗೆ ಕಾಣುವುದು, 2,354. ವಿಂಡೋಸ್‌ನ ರೀಜನ್ ಸೆಟ್ಟಿಂಗ್ ಇಂಡಿಯಾ ಇದ್ದರೆ ಒಂದು ಲಕ್ಷವನ್ನು 1,00,000 ಅಂತ ನಮ್ಮ ರೀತಿಯಲ್ಲೇ ತೋರಿಸುತ್ತದೆ. ತೋರಿಸಲು ಟೆಕ್ಸ್ಟ್ ತನ್ನಿ. ಒಂದೇ ಎಚ್ಚರಿಕೆ, ಎಕ್ಸೆಲ್‌ನಲ್ಲಿ ಆ ಕಾಲಂ ಕಿರಿದಾಗಿದ್ದು ಅಲ್ಲಿ #### ಅಂತ ಕಾಣುತ್ತಿದ್ದರೆ ಸ್ಲೈಡಿಗೂ #### ಬರುತ್ತದೆ. ಕಾಲಂ ಅಗಲ ಇರಲಿ.

‘ಮುಗಿಸು’ ಮ್ಯಾಕ್ರೋವನ್ನು ಯಾರೂ ಮರೆಯಬಾರದು. ಫೈಲನ್ನು ಸೇವ್ ಮಾಡದೆ ಮುಚ್ಚಬೇಕು, ಎಕ್ಸೆಲ್‌ಗೆ ಕ್ವಿಟ್ ಹೇಳಬೇಕು. ಹೇಳದಿದ್ದರೆ ಕಾಣದ ಎಕ್ಸೆಲ್ ಹಿಂದೆ ಓಡುತ್ತಲೇ ಇರುತ್ತದೆ. ಮುಂದಿನ ಸಲ ಫೈಲ್ ತೆರೆಯಲು ಹೋದರೆ “ಬೇರೆಯವರು ಬಳಸುತ್ತಿದ್ದಾರೆ” ಅನ್ನುತ್ತದೆ. ಹಾಗಾದಾಗ ಟಾಸ್ಕ್ ಮ್ಯಾನೇಜರ್ ತೆರೆದು ಅಲ್ಲಿ ಉಳಿದಿರುವ ಎಕ್ಸೆಲ್ ಅನ್ನು ಎಂಡ್ ಟಾಸ್ಕ್ ಮಾಡಬೇಕು. ಪ್ರೆಸೆಂಟೇಷನ್ನನ್ನು ಪಿಪಿಟಿಎಂ ಬಗೆಯಲ್ಲಿ ಸೇವ್ ಮಾಡಿ. ಮಾಮೂಲಿ ಪಿಪಿಟಿಎಕ್ಸ್‌ನಲ್ಲಿ ಮ್ಯಾಕ್ರೋ ಉಳಿಯುವುದಿಲ್ಲ.

ಟೈಪ್ ಮಾಡಿಸುವುದನ್ನು ಯಾಕೆ ಬಿಟ್ಟೆ?

ಹಳೆಯ ಫಾರಂನಲ್ಲಿ ಒಬ್ಬರು ಬಂದು 50,000 ಅಂತ ನೀಟಾಗಿ ಟೈಪ್ ಮಾಡಿದರು. ಕಂತು 2 ರೂಪಾಯಿ 35 ಪೈಸೆ ಅಂತ ಬಂತು. ಸೂತ್ರ ಸರಿ ಇತ್ತು. ಟೆಕ್ಸ್ಟ್ ಬಾಕ್ಸಿನಿಂದ ಬರುವುದು ಸಂಖ್ಯೆ ಅಲ್ಲ, ಅಕ್ಷರ. ಅದನ್ನು ಸಂಖ್ಯೆ ಮಾಡಲು ನಾನು ವಾಲ್ ಅನ್ನುವ ಫಂಕ್ಷನ್ ಬಳಸಿದ್ದೆ. ವಾಲ್ ಎಡದಿಂದ ಓದುತ್ತಾ ಹೋಗಿ, ಗೊತ್ತಿಲ್ಲದ ಗುರುತು ಸಿಕ್ಕ ಕಡೆ ನಿಂತುಬಿಡುತ್ತದೆ. ಅಲ್ಪವಿರಾಮ ಸಿಕ್ಕಿತು, ನಿಂತಿತು, ಸಾಲ 50 ರೂಪಾಯಿ ಆಯಿತು. ಸಿಡಿಬಿಎಲ್ ಅನ್ನುವ ಫಂಕ್ಷನ್ ಅಲ್ಪವಿರಾಮವನ್ನು ಅರ್ಥ ಮಾಡಿಕೊಳ್ಳುತ್ತದೆ, ಆದರೆ ಅಕ್ಷರ ಬೆರೆತರೆ ದೋಷ ತೋರಿಸಿ ನಿಲ್ಲುತ್ತದೆ. ಹಾಗಾಗಿ ಮೊದಲು ಈಸ್‌ನ್ಯೂಮರಿಕ್ ಅಂತ ಕೇಳಿ, ಸಂಖ್ಯೆ ಹೌದಾದರೆ ಮಾತ್ರ ಸಿಡಿಬಿಎಲ್‌ಗೆ ಕೊಡಬೇಕು. ಟೈಪ್ ಮಾಡಿಸಲೇಬೇಕಾದವರು ಇದನ್ನು ಪಾಲಿಸಿ.

ಇನ್ನೊಂದು ಕಾರಣ ಇನ್ನೂ ದೊಡ್ಡದು. ಸ್ಲೈಡ್ ಶೋನಲ್ಲಿ ಟೈಪ್ ಮಾಡಿಸಲು, ಆರಿಸಲು ಇಡುವ ಟೆಕ್ಸ್ಟ್ ಬಾಕ್ಸ್, ಕಾಂಬೊ ಬಾಕ್ಸ್ ಎಲ್ಲ ಒಳಗೆ ಕೋಡ್ ಓಡಿಸಬಲ್ಲ ಆ್ಯಕ್ಟಿವ್‌ಎಕ್ಸ್ ಕಂಟ್ರೋಲುಗಳು. ಕೆಟ್ಟ ಕೋಡ್ ಇದರ ಮೂಲಕ ಒಳಗೆ ನುಸುಳಬಹುದು ಅಂತ ಆಫೀಸ್ 2024ರಲ್ಲಿ, ಆಮೇಲೆ 2025ರ ಏಪ್ರಿಲ್‌ನಿಂದ ಮೈಕ್ರೋಸಾಫ್ಟ್ 365ರಲ್ಲಿ, ಇವನ್ನು ಮಾಮೂಲಾಗಿ ಬಂದ್ ಮಾಡಿಡಲಾಗಿದೆ. ಟ್ರಸ್ಟ್ ಸೆಂಟರಿನಲ್ಲಿ ಸೆಟ್ಟಿಂಗ್ ಬದಲಿಸಬಹುದು. ಆದರೆ ಬೇರೆಯವರ ಕಂಪ್ಯೂಟರಿನಲ್ಲಿ ಅಂಥದ್ದನ್ನು ಬದಲಿಸುವುದು ನನಗೆ ಸರಿ ಕಾಣುವುದಿಲ್ಲ. ಸಾದಾ ಆಕಾರಗಳಿಗೆ ಈ ತಡೆ ತಾಗುವುದೇ ಇಲ್ಲ.

ಮ್ಯಾಕ್ರೋಗೂ ತಡೆ ಇದೆ, ಅದು ಇರಬೇಕಾದ್ದೇ. ಇಂಟರ್ನೆಟ್ಟಿನಿಂದ ಬಂದ ಫೈಲುಗಳ ಮ್ಯಾಕ್ರೋವನ್ನು 2022ರಿಂದ ಆಫೀಸ್ ತಡೆಯುತ್ತದೆ. ನೀವೇ ಮಾಡಿ ನೀವೇ ಇಮೇಲ್ ಮಾಡಿಕೊಂಡ ಫೈಲಾದರೂ ಅಷ್ಟೇ. ಅದು ನಿಮ್ಮದೇ ಫೈಲು ಅಂತ ಖಾತ್ರಿ ಇದ್ದರೆ ಮಾತ್ರ, ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್ ತೆರೆದು, ಕೆಳಗಿರುವ ಅನ್‌ಬ್ಲಾಕ್ ಗುರುತು ಹಾಕಿ. ಯಾರೋ ಕಳಿಸಿದ ಫೈಲಿಗೆ ಹೀಗೆ ಮಾಡಬೇಡಿ.

ಕನ್ನಡದ ತೊಡಕು

ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ ಅಂದೆನಲ್ಲ, ಕಾರಣ ಇದು. ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೇ ಸಂಕೇತ ಪದ್ಧತಿ ಇದೆ, ಯೂನಿಕೋಡ್ ಅಂತ. ವಿಬಿಎ ಕಿಟಕಿಗೆ ಅದು ಗೊತ್ತಿಲ್ಲ. ಅಲ್ಲಿ ಕನ್ನಡ ಟೈಪ್ ಮಾಡಿದರೆ ಬರೀ ಪ್ರಶ್ನಾರ್ಥಕ ಚಿಹ್ನೆಗಳು ಕಾಣುತ್ತವೆ, ಸಾಲಾಗಿ ????? ಅಂತ. ಮೆಸೇಜ್ ಬಾಕ್ಸಿನಲ್ಲೂ ಹೀಗೇ. ತುಂಬ ಜನ ಇಲ್ಲಿಗೇ ಕೈಬಿಟ್ಟು, ಫಾರಂ ಅನ್ನು ಇಂಗ್ಲಿಷಿನಲ್ಲಿ ಮಾಡಿಬಿಡುತ್ತಾರೆ. ಅದು ಬೇಕಿಲ್ಲ. ಕೋಡಿನಲ್ಲಿ ಕನ್ನಡ ಬರೆಯಲು ಆಗುವುದಿಲ್ಲ ಅಷ್ಟೇ, ಕೋಡ್ ಕನ್ನಡವನ್ನು ಹೊತ್ತು ಸಾಗಿಸಬಲ್ಲದು. ಎಕ್ಸೆಲ್ ಸೆಲ್ಲಿನಲ್ಲೇ “ತಿಂಗಳಿಗೆ 3,049 ರೂಪಾಯಿ” ಅನ್ನುವ ಪೂರ್ತಿ ವಾಕ್ಯವನ್ನು ಸೂತ್ರದಿಂದ ಕಟ್ಟಿಡಿ. ಮ್ಯಾಕ್ರೋ ಆ ಸೆಲ್ಲನ್ನು ತೆಗೆದು ಸ್ಲೈಡಿಗೆ ಹಾಕಿದರೆ ಒಂದಕ್ಷರವೂ ಕೆಡದೆ ಬರುತ್ತದೆ. ಸ್ಲೈಡಿನ ಪೆಟ್ಟಿಗೆಗೆ ನಿರ್ಮಲಾ ಯುಐ ಥರದ ಕನ್ನಡ ಇರುವ ಫಾಂಟ್ ಕೊಟ್ಟಿರಿ.

ಹಳೆಯ ಫೈಲುಗಳಲ್ಲಿ ಇನ್ನೊಂದು ಕಾಟ ಕಾದಿರುತ್ತದೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಪಟ್ಟಿಗಳು ನಮ್ಮಲ್ಲಿ ಬೇಕಾದಷ್ಟಿವೆ. ಲಿಂಕ್ ಮಾಡಿದರೆ ಅವು ಸರಿಯಾಗೇ ಕಾಣುತ್ತವೆ, ಬರುವುದು ಚಿತ್ರ ತಾನೇ. ಆದರೆ ಮ್ಯಾಕ್ರೋ ಅಕ್ಷರಗಳನ್ನು ತಂದಾಗ ಫಾಂಟ್ ಜೊತೆಗೆ ಬರುವುದಿಲ್ಲ. ಸ್ಲೈಡಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳು ಚೆಲ್ಲಾಡುತ್ತವೆ. ಮೊದಲು ಆ ಪಟ್ಟಿಯನ್ನು ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಮುಂದುವರಿಯಿರಿ.

ಸಭೆಯಲ್ಲಿ ಕೂತವರೆಲ್ಲ ಉತ್ತರ ತುಂಬಬೇಕು ಅಂದರೆ ಈ ದಾರಿ ಸೂಕ್ತ ಅಲ್ಲ. ಅದಕ್ಕೆ ಗೂಗಲ್ ಫಾರ್ಮ್ಸ್ ಒಳ್ಳೆಯದು. ಉತ್ತರಗಳು ಗೂಗಲ್ ಶೀಟಿಗೆ ಬಂದು ಬೀಳುತ್ತವೆ, ಆ ಶೀಟಿನ ಚಾರ್ಟನ್ನು ಗೂಗಲ್ ಸ್ಲೈಡ್ಸ್‌ಗೆ ಲಿಂಕ್ ಮಾಡಬಹುದು. ಚಾರ್ಟಿನ ಮೂಲೆಯ ಅಪ್‌ಡೇಟ್ ಗುಂಡಿ ಒತ್ತಿದರೆ ಹೊಸ ಅಂಕಿ ಬರುತ್ತದೆ, ತಾನಾಗಿ ಬರುವುದಿಲ್ಲ. ಸ್ಲೈಡ್ ತೋರಿಸುವ ಮುನ್ನ ಒತ್ತಿಕೊಳ್ಳಬೇಕು.

ಕಳೆದ ಸಲ ಅದೇ ಊರಿಗೆ ಹೋದಾಗ ಲ್ಯಾಪ್‌ಟಾಪನ್ನು ಮೇಜಿನ ತುದಿಗೆ ಸರಿಸಿ, “ಅಕ್ಕಾ, ನೀವೇ ಬಂದು ಒತ್ತಿ” ಅಂದೆ. ಅವರು 18 ತಿಂಗಳು ಒತ್ತಿದರು. 3,049 ಬಂತು, ಕೆಳಗೆ ಒಟ್ಟು ಬಡ್ಡಿ 4,884. ಬಡ್ಡಿ ಇಳಿದದ್ದು ನೋಡಿ ಮತ್ತೆ 12 ಒತ್ತಿದರು. ಕಂತು 4,442 ಅಂತ ಬಂತು. ಪರದೆಯನ್ನೇ ನೋಡುತ್ತಾ ನಿಂತರು, ಬೆರಳಲ್ಲಿ ಏನೋ ಎಣಿಸಿದರು. “ಹಾಲಿನ ದುಡ್ಡಲ್ಲಿ ಇಷ್ಟು ಆಗಲ್ಲ” ಅಂತ ಪಕ್ಕದವರಿಗೆ ಹೇಳಿ, ವಾಪಸ್ 18 ಒತ್ತಿ, ಆ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಂಡರು.